ಸಪ್ಪೆ ವೇ ಐಸೊಲೇಟ್ ಪುಡಿ: ಸ್ಲೀವ್ ಆಪರೇಷನ್ ಆದಮೇಲೆ ಎರಡೂವರೆ ವರ್ಷ ಬಳಸಿದ್ದೇನೆ

ಅಂಕ: 5ಕ್ಕೆ 4

ಪ್ರೋಟೀನ್ ಪುಡಿಯ ವಿಮರ್ಶೆ ಬರೆಯುವವರಲ್ಲಿ ಮುಕ್ಕಾಲು ಪಾಲು ಜಿಮ್ ಹುಡುಗರು. ಅವರ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ. ಅದಕ್ಕೇ ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತೂಕ ಇಳಿಸುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಆಗ ನನಗೆ 47 ವರ್ಷ, ತೂಕ 112 ಕೆ.ಜಿ., ಜೊತೆಗೆ ಸಕ್ಕರೆ ಕಾಯಿಲೆ. ಈಗ ತೂಕ 75ರ ಆಚೀಚೆ ನಿಂತಿದೆ. ಊರು ದಾವಣಗೆರೆ. ಮೊಟ್ಟೆ ತಿನ್ನುತ್ತೇನೆ, ಮಾಂಸ ಮೀನು ಇಲ್ಲ.

ಬ್ರಾಂಡ್ ಹೆಸರು ಬರೆಯುತ್ತಿಲ್ಲ. ಇಷ್ಟು ದಿನದಲ್ಲಿ ಮೂರು ಕಂಪನಿಯ ಡಬ್ಬಿ ತರಿಸಿದ್ದೇನೆ, ಮೂರೂ ಒಂದೇ ಬಗೆಯವು: ಸಿಹಿ, ಬಣ್ಣ, ವಾಸನೆ ಯಾವುದೂ ಸೇರಿಸದ ಸಪ್ಪೆ ವೇ ಐಸೊಲೇಟ್, ಅಂದರೆ ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ಸೋಸಿ ತೆಗೆದ ಪ್ರೋಟೀನ್ ಪುಡಿ. ಮೂರರ ನಡುವೆ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ.

ಈ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯಂಥ ಒಂದು ಕೊಳವೆ. ತೂಕ ಸರಸರ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದನ್ನು ತಡೆಯಲು ದಿನಕ್ಕೆ ಕಮ್ಮಿ ಎಂದರೂ 60 ಗ್ರಾಂ ಪ್ರೋಟೀನ್ ಬೇಕು, 70 ಆದರೆ ನಿಮಗೆ ಒಳ್ಳೆಯದು ಎಂದರು ಡಯಟೀಷಿಯನ್. ಅದೇನು ಮಹಾ ಅಂದುಕೊಂಡಿದ್ದೆ. ಮನೆಗೆ ಬಂದು ಲೆಕ್ಕ ಹಾಕಿದಾಗ ಗೊತ್ತಾಯಿತು. ಒಂದು ಇಡ್ಲಿಯಲ್ಲಿ 2 ಗ್ರಾಂ ಸಿಕ್ಕರೆ ಹೆಚ್ಚು. ಒಂದು ಮೊಟ್ಟೆಗೆ 6. ತಿಳಿಸಾರಿನಲ್ಲಿ ಲೆಕ್ಕಕ್ಕೆ ಹಿಡಿಯುವಷ್ಟೂ ಇಲ್ಲ. ಹುರಿಗಡಲೆಯಲ್ಲಿ 100 ಗ್ರಾಂಗೆ 20ರ ಮೇಲಿದೆ, ಅಗ್ಗವೂ ಹೌದು. ಆದರೆ ಅರ್ಧ ಬಟ್ಟಲು ಗಂಜಿಗೇ ಸಾಕಪ್ಪಾ ಅನ್ನುವ ಹೊಟ್ಟೆಯಲ್ಲಿ 100 ಗ್ರಾಂ ಹುರಿಗಡಲೆ ಹಿಡಿಸುವುದು ಎಲ್ಲಿ? 30 ಗ್ರಾಂ ಪುಡಿಯಲ್ಲಿ 26 ಗ್ರಾಂ ಪ್ರೋಟೀನ್ ಇರುತ್ತದೆ. ಜಾಗದ ಲೆಕ್ಕದಲ್ಲಿ ಅದನ್ನು ಮೀರಿಸುವ ಊಟ ನಮ್ಮ ಅಡುಗೆಮನೆಯಲ್ಲಿ ನನಗೆ ಸಿಗಲಿಲ್ಲ.

ನನ್ನ ಮೊದಲ ಡಬ್ಬಿ ಮಾತ್ರ ಇದಲ್ಲ. ಆಪರೇಷನ್ನಿಗೆ ಮುಂಚೆ ಒಂದು ಅಂಗಡಿಗೆ ಹೋಗಿ ಪ್ರೋಟೀನ್ ಕೊಡಪ್ಪ ಅಂದೆ. ಹುಡುಗ ‘ಆಂಟಿ, ಎಲ್ರೂ ಇದನ್ನೇ ಒಯ್ಯೋದು’ ಎಂದು ಚಾಕೊಲೇಟ್ ರುಚಿಯ ದೊಡ್ಡ ಡಬ್ಬಿ ಕೊಟ್ಟ. ಮೂರನೇ ವಾರ ಅದನ್ನು ಹಾಲಿನಲ್ಲಿ ಕದಡಿ ಕುಡಿದೆ. ಹತ್ತು ಹದಿನೈದು ನಿಮಿಷದಲ್ಲಿ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ಹಿಂಡಿದ ಹಾಗೆ. ಇನ್ನು ಮುಗೀತು ಅಂದುಕೊಂಡು ಮಲಗಿದೆ. ಫೋನಿನಲ್ಲಿ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ, ‘ಡಬ್ಬಿ ಮೇಲೆ ಮೊದಲನೇ ಹೆಸರು ಏನಿದೆ, ಓದಿ.’ ಮಾಲ್ಟೊಡೆಕ್ಸ್ಟ್ರಿನ್ (ಹೊಟ್ಟೆಯಲ್ಲಿ ಬೇಗ ಸಕ್ಕರೆಯಾಗುವ ಪಿಷ್ಟದ ಪುಡಿ) ಅಂತಿತ್ತು, ಅದರ ಹಿಂದೆಯೇ ಸಕ್ಕರೆ. ತೂಕ ಏರಿಸಿಕೊಳ್ಳುವವರ ಪುಡಿಯನ್ನು ತೂಕ ಇಳಿಸಲು ಹೊಟ್ಟೆ ಕತ್ತರಿಸಿಕೊಂಡವಳಿಗೆ ಮಾರಿದ್ದ! ಸಿಹಿ ಒಮ್ಮೆಲೇ ಕರುಳಿಗೆ ಇಳಿದರೆ ಹೀಗಾಗುತ್ತದೆ, ಇದಕ್ಕೆ ಡಂಪಿಂಗ್ ಅನ್ನುತ್ತಾರೆ ಎಂದರು. ತೂಕ ಇಳಿಸಲು ಜಠರದ ಬೈಪಾಸ್ ಮಾಡಿಸಿಕೊಂಡವರಲ್ಲಿ ಜಾಸ್ತಿ, ಸ್ಲೀವ್ ಆದವರಿಗೂ ಬರಬಹುದಂತೆ.

ಆಮೇಲೆ ಐಸೊಲೇಟ್‌ಗೆ ಬಂದೆ. ವೇ ಪುಡಿಯಲ್ಲೇ ಕಾನ್ಸನ್ಟ್ರೇಟ್ ಎಂಬುದು ಅಗ್ಗ, ಆದರೆ ಅದರಲ್ಲಿ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಉಳಿದಿರುತ್ತದೆ. ಆಪರೇಷನ್ ಆದಮೇಲೆ ಎಷ್ಟೋ ಜನರಿಗೆ ಅದು ಒಗ್ಗುವುದಿಲ್ಲ. ಹೊಟ್ಟೆ ಉಬ್ಬರ, ಭೇದಿ. ಐಸೊಲೇಟ್‌ನಲ್ಲಿ ಲ್ಯಾಕ್ಟೋಸ್ ತೀರಾ ಕಡಿಮೆ. ನನಗೆ ಎರಡೇ ದಿನದಲ್ಲಿ ವ್ಯತ್ಯಾಸ ತಿಳಿಯಿತು.

ಸಪ್ಪೆಯದ್ದೇ ಯಾಕೆ? ಆಪರೇಷನ್ ಆದ ಹೊಸದರಲ್ಲಿ ನಾಲಿಗೆಯೇ ಬದಲಾಗಿತ್ತು. ವೆನಿಲ್ಲಾ ವಾಸನೆ ಬಂದರೆ ವಾಕರಿಕೆ. ಸಪ್ಪೆ ಪುಡಿಯನ್ನು ಮಜ್ಜಿಗೆಯಲ್ಲಿ ಮರೆಸಬಹುದು. ನೀರು ಮಜ್ಜಿಗೆಗೆ ಉಪ್ಪು, ಜೀರಿಗೆ ಪುಡಿ, ಚಿಟಿಕೆ ಇಂಗು ಹಾಕಿ ಕುಡಿದರೆ ಪುಡಿ ಇದೆ ಅಂತ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ರಾಗಿ ಗಂಜಿಯೂ ಸರಿ, ಬೆರಳು ಇಟ್ಟರೆ ಸುಡದಷ್ಟು ಆರಿದ ಮೇಲೆ. ಒಮ್ಮೆ ಕುದಿಯುವ ಸಾರಿಗೆ ಸುರಿದೆ. ಒಡೆದ ಹಾಲಿನ ಹಾಗೆ ಗಂಟುಗಂಟಾಯಿತು. ನಮ್ಮ ಮನೆಯವರು ‘ಪನ್ನೀರ್ ಸಾರಾ?’ ಎಂದು ಕೇಳಿ ಒಂದು ವಾರ ನಕ್ಕರು. ಬಿಸಿಗೆ ಪ್ರೋಟೀನ್ ಎಲ್ಲಿಗೂ ಹೋಗುವುದಿಲ್ಲ, ಕುಡಿಯೋಕೆ ಆಗುವುದಿಲ್ಲ ಅಷ್ಟೆ.

ಇನ್ನೊಂದು ವಿಷಯ. ಡಬ್ಬಿಯ ಜೊತೆ ಬರುವ ಶೇಕರ್ ಅನ್ನು ನಾನು ಮೂಲೆಗೆ ಎಸೆದಿದ್ದೇನೆ. ಅಲ್ಲಾಡಿಸಿದರೆ ಬರೀ ನೊರೆ. ಆ ನೊರೆ ಗಾಳಿಯೆಲ್ಲ ಪುಟ್ಟ ಜಠರಕ್ಕೆ ಹೋಗಿ ಎದೆ ಹತ್ತಿರ ಕಟ್ಟಿದಂತಾಗುತ್ತದೆ, ತೇಗು ಬರುವವರೆಗೆ ಒದ್ದಾಟ. ಸಣ್ಣ ಕಡೆಗೋಲಿನಲ್ಲಿ ಮೆಲ್ಲಗೆ ತಿರುವಿ ಹತ್ತು ನಿಮಿಷ ಬಿಡುತ್ತೇನೆ. ಮೊದಲ ತಿಂಗಳು 30 ಗ್ರಾಂ ಪುಡಿ ಕುಡಿದು ಮುಗಿಸಲು ಒಂದೂವರೆ ಗಂಟೆ ಬೇಕಿತ್ತು. ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು ಅಳೆದು ಗುಟುಕರಿಸುತ್ತಿದ್ದೆ. ಈಗ ಕಾಲು ಗಂಟೆ ಸಾಕು. ಊಟದ ಜೊತೆ ಮಾತ್ರ ಕುಡಿಯಬಾರದು, ಊಟ ಆಗಿ ಅರ್ಧ ಗಂಟೆ ಬಿಡಬೇಕು.

ಅಳತೆ ಚಮಚವನ್ನೂ ನಂಬಬೇಡಿ. ಅದೇ ಚಮಚದಲ್ಲಿ ಗೋಪುರ ಮಾಡಿ ತೆಗೆದರೆ 30 ಗ್ರಾಂ, ಮಟ್ಟಸ ಮಾಡಿದರೆ 24. ನಾನು ಮೂರು ತಿಂಗಳು ಮಟ್ಟಸ ಮಾಡಿ ಹಾಕುತ್ತಾ 26 ಗ್ರಾಂ ಪ್ರೋಟೀನ್ ಅಂತ ಬರೆದಿಡುತ್ತಿದ್ದೆ. ಅಡುಗೆಮನೆಯ ಸಣ್ಣ ತಕ್ಕಡಿ ತಂದ ಮೇಲೆ ಬಂಡವಾಳ ಬಯಲಾಯಿತು.

ನಾಲ್ಕನೇ ತಿಂಗಳಲ್ಲಿ ಕೂದಲು ಉದುರಲು ಶುರು. ಬಾಚಣಿಗೆ ತುಂಬ ಕೂದಲು. ನಮ್ಮ ಅತ್ತಿಗೆ ‘ಆ ಪುಡಿ ಬಿಡು, ಅದರದ್ದೇ ಹೀಟು’ ಎಂದರು. ಬಿಡಲಿಲ್ಲ. ತೂಕ ಬೇಗ ಇಳಿದರೆ ಮೂರರಿಂದ ಆರು ತಿಂಗಳೊಳಗೆ ಹೀಗೆ ಉದುರುವುದು ಸಾಮಾನ್ಯವಂತೆ, ಪ್ರೋಟೀನ್ ಕಮ್ಮಿ ಆದರೆ ಇನ್ನೂ ಜಾಸ್ತಿ. ಒಂಬತ್ತನೇ ತಿಂಗಳ ಹೊತ್ತಿಗೆ ಹಣೆಯ ಮೇಲೆ ಸಣ್ಣ ಸಣ್ಣ ಹೊಸ ಕೂದಲು ಬಂದವು. ಅದೇ ಹೊತ್ತಿನಲ್ಲಿ ಪಕ್ಕದ ಮನೆಯವರು ಕೊಲಾಜೆನ್ ಪುಡಿ ತಗೊಳ್ಳಿ ಎಂದರು. ಕೊಂಡೂ ಬಿಟ್ಟೆ. ಡಯಟೀಷಿಯನ್ ಅದನ್ನು ದಿನದ ಲೆಕ್ಕಕ್ಕೆ ಸೇರಿಸಲು ಒಪ್ಪಲಿಲ್ಲ. ಕೊಲಾಜೆನ್‌ನಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವೇ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲಿ ಒಂದು) ಇಲ್ಲ, ಅದೊಂದನ್ನೇ ನೆಚ್ಚಿಕೊಂಡರೆ ಮಾಂಸಖಂಡ ಉಳಿಯುವುದಿಲ್ಲ. ಸುಮ್ನೆ ದುಡ್ಡು ದಂಡ.

ಡಬ್ಬಿಯಲ್ಲಿ ಬರೆದದ್ದು ಒಳಗೆ ಇದೆಯಾ? ಇದು ನನ್ನ ದೊಡ್ಡ ಚಿಂತೆ. ಕೇರಳದ ಲಿವರ್ ವೈದ್ಯರೊಬ್ಬರು ಮತ್ತು ಸಂಗಡಿಗರು ನಮ್ಮ ದೇಶದಲ್ಲಿ ಮಾರುವ 36 ಪುಡಿಗಳನ್ನು ಪರೀಕ್ಷೆ ಮಾಡಿಸಿ 2024ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 25ಕ್ಕೆ ಡಬ್ಬಿ ಮೇಲಿನ ಲೆಕ್ಕವೂ ಒಳಗಿನ ಪ್ರೋಟೀನೂ ತಾಳೆಯಾಗಲಿಲ್ಲ. ಸಾಧಾರಣ ಪರೀಕ್ಷೆಯಲ್ಲಿ ಸಾರಜನಕ ಅಳೆದು ಪ್ರೋಟೀನ್ ಲೆಕ್ಕ ಹಾಕುತ್ತಾರೆ. ಗ್ಲೈಸಿನ್, ಟೌರಿನ್‌ನಂಥ ಸಾರಜನಕ ಇರುವ ಅಗ್ಗದ ಪದಾರ್ಥ ಸೇರಿಸಿದರೂ ಆ ಅಂಕಿ ಏರುತ್ತದೆ. ಜಿಮ್ ಹುಡುಗನಿಗೆ 5 ಗ್ರಾಂ ಕಮ್ಮಿಯಾದರೆ ಮಧ್ಯಾಹ್ನದ ಊಟದಲ್ಲಿ ತುಂಬಿಕೊಳ್ಳುತ್ತಾನೆ. ನಾನು ಎಲ್ಲಿ ತುಂಬಿಕೊಳ್ಳಲಿ? ಹಾಗಾಗಿ ನಾನು ನೋಡುವುದು ಇಷ್ಟು. ಪದಾರ್ಥಗಳ ಪಟ್ಟಿ ಒಂದು ಸಾಲಿನಲ್ಲಿ ಮುಗಿಯಬೇಕು: ವೇ ಐಸೊಲೇಟ್, ಬೇಕಿದ್ದರೆ ಪುಡಿ ನೀರಿನಲ್ಲಿ ಚೆನ್ನಾಗಿ ಬೆರೆಯಲು ಹಾಕುವ ಲೆಸಿಥಿನ್. ಆಯಾ ಬ್ಯಾಚಿನ ಪರೀಕ್ಷಾ ವರದಿ ಕೊಡುವ ಕಂಪನಿಯಾದರೆ ಮೇಲು. ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇರಲೇಬೇಕು, ಆದರೆ ಅದು ಪರವಾನಗಿಯ ಗುರುತು ಅಷ್ಟೆ. ನಿಮ್ಮ ಕೈಯಲ್ಲಿರುವ ಡಬ್ಬಿಯನ್ನು ಯಾರೋ ಪರೀಕ್ಷೆ ಮಾಡಿದ್ದಾರೆ ಅಂತಲ್ಲ. ಒಮ್ಮೆ ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ತರಿಸಿದ ಡಬ್ಬಿಯ ಸೀಲ್ ಅಂಚಿನಲ್ಲಿ ಎದ್ದಿತ್ತು. ವಾಪಸ್ ತಗೊಳ್ಳಲಿಲ್ಲ. ಚೆಲ್ಲಿದೆ.

2024ರ ಮೇ ತಿಂಗಳಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಪ್ರೋಟೀನ್ ಪುಡಿ ಬೇಡ ಅಂದಿದೆ ಎಂಬ ಸುದ್ದಿಯನ್ನು ನೆಂಟರಲ್ಲಿ ಆರು ಜನ ನನಗೆ ಕಳಿಸಿದರು. ಡಾಕ್ಟರಿಗೆ ತೋರಿಸಿದೆ. ಮೈಕಟ್ಟು ಬೆಳೆಸಲು ತಗೊಳ್ಳುವ ಸಾಮಾನ್ಯ ಜನರಿಗೆ ಹೇಳಿದ್ದು ಅದು, ನೀವು ಮುಂದುವರಿಸಿ, ಆದರೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡುತ್ತಿರೋಣ ಎಂದರು. ನನ್ನದು ಈವರೆಗೆ ಸರಿಯಾಗಿದೆ. ಕಿಡ್ನಿ ತೊಂದರೆ ಇರುವವರು ನನ್ನ ಲೆಕ್ಕ ನೋಡಿ ಕುಡಿಯಬೇಡಿ, ನಿಮ್ಮ ಅಳತೆ ನಿಮ್ಮ ಡಾಕ್ಟರ್ ಹೇಳಬೇಕು. ಮೇಲಿಂದ ಮೇಲೆ ವಾಂತಿ ಆಗುತ್ತಿದ್ದರೆ ಪುಡಿ ಬದಲಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಥಯಮಿನ್ ಎಂಬ ವಿಟಮಿನ್ ಕುಸಿದು ನರಗಳಿಗೆ ಪೆಟ್ಟಾಗಬಹುದು.

ಇನ್ನು ಆ ಒಂದು ಅಂಕ ಕಳೆದದ್ದು. ಬೆಲೆ ಒಂದು ಕಾರಣ. ಕಳೆದ ಸಲ ಕಿಲೋಗೆ 3,200 ಕೊಟ್ಟೆ, ಅಂದರೆ ಪ್ರೋಟೀನ್ ಗ್ರಾಂಗೆ ಮೂರೂವರೆ ರೂಪಾಯಿಯ ಮೇಲೆ. ಮೊಟ್ಟೆಯಲ್ಲಾದರೆ ಒಂದು ರೂಪಾಯಿ ಚಿಲ್ಲರೆ. ಇನ್ನೊಂದು ಕಾರಣ ಬೆಲೆಗಿಂತ ದೊಡ್ಡದು. ಪುಡಿ ಸುಲಭ ಅಂತ ಎಂಟನೇ ತಿಂಗಳಲ್ಲಿ ನಾನು ದಿನಕ್ಕೆ ಮೂರು ಸಲ ಅದನ್ನೇ ಕುಡಿದು ಊಟ ಬಿಡತೊಡಗಿದೆ. ಲೆಕ್ಕದ ಪುಸ್ತಕದಲ್ಲಿ 78 ಗ್ರಾಂ, ನೋಡೋಕೆ ಚೆಂದ. ಆದರೆ ಮಲಬದ್ಧತೆ ಹಿಡಿಯಿತು. ದ್ರವ ಜಾರಿ ಹೋಗುವುದರಿಂದ ಒಂದು ಗಂಟೆಗೇ ಹಸಿವು, ಆಮೇಲೆ ಚಕ್ಕುಲಿ ಡಬ್ಬಿಗೆ ಕೈ. ರಕ್ತ ಪರೀಕ್ಷೆಯಲ್ಲಿ ಪ್ರೋಟೀನ್, ಆಲ್ಬುಮಿನ್ ಸರಿ ಇದ್ದವು, ಬಿ12 ಕೆಳಗೆ ಬಿದ್ದಿತ್ತು. ಪುಡಿ ಕುಡಿಯುತ್ತಿದ್ದೇನಲ್ಲ ಎಂಬ ಧೈರ್ಯದಲ್ಲಿ ವಿಟಮಿನ್ ಮಾತ್ರೆ ಮರೆಯುತ್ತಿದ್ದೆ. ಡಯಟೀಷಿಯನ್ ಹತ್ತಿರ ಚೆನ್ನಾಗಿ ಬೈಸಿಕೊಂಡೆ. ತಟ್ಟೆಯಲ್ಲಿ ಮೊದಲು ಮೊಟ್ಟೆ, ಪನ್ನೀರ್, ಬೇಳೆ, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ. ಅದು ಅವತ್ತಿನಿಂದ ನಮ್ಮ ಮನೆಯ ಕಾನೂನು.

ನಿನ್ನೆಯ ನನ್ನ ಊಟ ಹೇಳುತ್ತೇನೆ, ಪ್ರತಿಯೊಂದರ ಕೊನೆಯ ಅಂಕಿ ಪ್ರೋಟೀನ್ ಗ್ರಾಂ. ಬೆಳಗ್ಗೆ ಎರಡು ಬೇಯಿಸಿದ ಮೊಟ್ಟೆ, 12. ಹನ್ನೊಂದು ಗಂಟೆಗೆ 15 ಗ್ರಾಂ ಪುಡಿ ಹಾಕಿದ ಮಜ್ಜಿಗೆ, 13. ಮಧ್ಯಾಹ್ನ ಗಟ್ಟಿ ಬೇಳೆ ಅರ್ಧ ಬಟ್ಟಲು ಮತ್ತು 60 ಗ್ರಾಂ ಪನ್ನೀರ್, ಎರಡೂ ಸೇರಿ 16. ಸಂಜೆ ಒಂದು ಹಿಡಿ ಹುರಿಗಡಲೆ, 5. ರಾತ್ರಿ ಎರಡು ಸಣ್ಣ ಹೆಸರುಬೇಳೆ ದೋಸೆ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, 16ರ ಹತ್ತಿರ. ಒಟ್ಟು 62. ಅದರಲ್ಲಿ ಪುಡಿಯ ಪಾಲು 13 ಮಾತ್ರ. ಮೊದಲ ತಿಂಗಳಲ್ಲಿ ಮುಕ್ಕಾಲು ಪಾಲು ಅದರದ್ದೇ ಆಗಿತ್ತು.

ಹಾಗಾಗಿ ಈ ಸಲ ಅರ್ಧ ಕಿಲೋ ಡಬ್ಬಿ ತರಿಸಿದ್ದೇನೆ. ಒಂದು ಕಿಲೋದ್ದು ಖಾಲಿಯಾಗುವಷ್ಟರಲ್ಲಿ ಮಳೆಗಾಲದ ತೇವಕ್ಕೆ ತಳದಲ್ಲಿ ಗಟ್ಟಿಯಾಗುತ್ತದೆ.