ಅಮ್ಮನ ಡಾಕ್ಟರ್ ಭೇಟಿ: ನಾನಾ, ಕನ್ನಡದ ಡಾಕ್ಟರಾ, ಫೋನ್ ದುಭಾಷಿಯಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಫೋನ್ ದುಭಾಷಿಗೆ, ಅಂದರೆ ಅಮ್ಮನ ಕನ್ನಡವನ್ನು ಡಾಕ್ಟರಿಗೆ ಫೋನಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ಹೇಳುವವರಿಗೆ. ನಾವಿರುವುದು ನ್ಯೂಜೆರ್ಸಿಯಲ್ಲಿ. ಅಮ್ಮನಿಗೆ 71, ಶುಗರ್ ಇದೆ, ಇಂಗ್ಲಿಷ್ ಬರಲ್ಲ. ಮೂರು ದಾರಿಯನ್ನೂ ನೋಡಿದ್ದಾಯಿತು.

ಮೊದಲು ಅಮ್ಮ ಹೇಳಿದ್ದನ್ನು ನಾನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಖರ್ಚಿಲ್ಲ, ಕಾಯುವ ಗೋಳಿಲ್ಲ. ಒಂದು ಸಲ ಅಮ್ಮ "ಉಷ್ಣ ಆಗಿದೆ ಕಣೋ" ಅಂದಳು. ನಾನು ಪೆದ್ದನ ಹಾಗೆ ಮೈ ಬಿಸಿಯಂತೆ ಅಂತ ಹೇಳಿದೆ. ನರ್ಸ್ ಜ್ವರ ನೋಡಿದರು, ಇರಲಿಲ್ಲ. ಮನೆಗೆ ಬಂದು ಮಜ್ಜಿಗೆ ಕುಡಿಸಿ ಸುಮ್ಮನಾದೆ.

ಎಡಿಸನ್ ಕಡೆ ಕನ್ನಡ ಬರುವ ಡಾಕ್ಟರ್ ಸಿಕ್ಕರು. ಎಷ್ಟು ಮುದ್ದೆ, ಎಷ್ಟು ಅನ್ನ ಅಂತ ಅವರೇ ಕೇಳಿದರು. ನನ್ನ ಹೊಟ್ಟೆ ನೋಡಿ, ನೀವೂ ಶುಗರ್ ಚೆಕ್ ಮಾಡಿಸಿ, ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25ರ ತನಕ ಕಾಯಬಾರದು, 23 ದಾಟಿದರೆ ಸಾಕು ಅಂದರು. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದಲೇ ಹೀಗೆ ಹೇಳುತ್ತಿದೆಯಂತೆ. ಒಳ್ಳೆಯವರು. ಆದರೆ ಅಮ್ಮನ ಇನ್ಶೂರೆನ್ಸ್ ಅಲ್ಲಿ ನಡೆಯಲ್ಲ, ನನಗೆ ಅರ್ಧ ದಿನ ರಜೆ ಬೇಕು.

ಇನ್ನು ದುಭಾಷಿ. ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆಗಳು ಇದನ್ನು ಪುಕ್ಕಟೆ ಕೊಡಲೇಬೇಕು, 2010ರ ಆರೋಗ್ಯ ಕಾನೂನಿನ ಅಡಿಯ ನಿಯಮ ಅದು. ತೊಂದರೆ ಇರುವುದು ಕನ್ನಡ ಅನ್ನುವ ಪದದಲ್ಲಿ! ಅಪಾಯಿಂಟ್‌ಮೆಂಟಿಗೆ ಫೋನ್ ಮಾಡಿ ಕನ್ನಡ ಬೇಕು ಅಂದೆ. ಆ ಕಡೆಯ ಹುಡುಗಿ "ಓ, ಕೆನಡಾ! ಹಾಗಾದರೆ ಫ್ರೆಂಚಾ?" ಅಂದಳು. ಇಂಡಿಯಾದ ಭಾಷೆ ಅಂದೆ. ಸರಿ ಸರಿ ಅಂತ ಬರೆದುಕೊಂಡಳು.

ನಾವು ಆಸ್ಪತ್ರೆಗೆ ಹೋದ ದಿನ ಫೋನಿನಲ್ಲಿ ಬಂದಿದ್ದು ಹಿಂದಿಯವರು. ಅಮ್ಮನ ಹಿಂದಿ ತರಕಾರಿ ಚೌಕಾಸಿಗೆ ಸಾಕು, ಅಷ್ಟೇ. ಅವರನ್ನು ಇಳಿಸಿ, ಮತ್ತೆ ಆಪರೇಟರ್, ಮತ್ತೆ ಕಾಯುವ ಸಂಗೀತ, ಕನ್ನಡದವರು ಲೈನಿಗೆ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿ ಡಾಕ್ಟರ್ ಬಾಗಿಲ ಕಡೆ ನೋಡತೊಡಗಿದ್ದರು. ಈಗ ನಾನು ಕೆ, ಎ, ಎರಡು ಎನ್ ಅಂತ ಒಂದೊಂದೇ ಅಕ್ಷರ ಹೇಳಿ, ಅವರ ಬಾಯಲ್ಲಿ ವಾಪಸ್ ಹೇಳಿಸಿ, ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡುತ್ತೇನೆ. ಹೆಂಗಸೇ ಬೇಕು ಅಂತಲೂ ಕೇಳುತ್ತೇನೆ, ಸಾಮಾನ್ಯವಾಗಿ ಸಿಗುತ್ತಾರೆ.

ಇಷ್ಟೆಲ್ಲ ಯಾಕೆ ಅಂದರೆ, ಆವತ್ತು ಲೈನಿಗೆ ಬಂದ ಕನ್ನಡದವರು ಹೆಂಗಸು, ನಾನು ಹೊರಗೆ ಕೂತಿದ್ದೆ. ಅಮ್ಮನಿಗೆ ಒಂದು ತಿಂಗಳಿಂದ ಉರಿಮೂತ್ರವಂತೆ. ಅವಳ ಉಷ್ಣ ಅದು! ಟೆಸ್ಟಿನಲ್ಲಿ ಇನ್ಫೆಕ್ಷನ್ ಅಂತ ಬಂತು, ಮಾತ್ರೆಗೆ ವಾಸಿಯಾಯಿತು. ನನಗೆ ಯಾಕೆ ಹೇಳಲಿಲ್ಲ ಅಂದರೆ "ಮಗನ ಮುಂದೆ ಅದನ್ನೆಲ್ಲ ಹೇಳಕ್ಕಾಗತ್ತೇನೋ" ಅಂದಳು. ಕಾರಿನಲ್ಲಿ ಆಮೇಲೆ ನನಗೆ ಮಾತೇ ಹೊರಡಲಿಲ್ಲ.

ವಾರಕ್ಕೊಂದು ರಜೆ ಸಿಗುವವರು, ಇನ್ಶೂರೆನ್ಸ್ ಹೊಂದುವವರು ಕನ್ನಡದ ಡಾಕ್ಟರ್ ಹತ್ತಿರವೇ ಹೋಗಿ. ನನಗಂತೂ ಫೋನ್ ದುಭಾಷಿಯೇ ಸಾಕು. ಒಂದೇ ಎಚ್ಚರಿಕೆ, ದುಭಾಷಿಗಳು ಕೇಳಿದ್ದನ್ನೆಲ್ಲ ಹೇಳುತ್ತಾರೆ. ಹೋದ ಸಲ ಅಮ್ಮ ಫೋನಿನವರನ್ನು "ಊಟ ಆಯ್ತೇನಮ್ಮ?" ಅಂತ ಕೇಳಿದಳು. ಅವರು ಅದನ್ನೂ ಇಂಗ್ಲಿಷಿಗೆ ತಿರುಗಿಸಿದರು. ಡಾಕ್ಟರ್ ಗಡಿಯಾರ ನೋಡಿಕೊಂಡು, ಇನ್ನೂ ಇಲ್ಲ ಅಂದರು.