ಎದೆಯೊಳಗೆ ಮೆಷಿನ್ ಇರುವವರ ಊತಕ್ಕೆ ಸೂಜಿ ಹಾಕಿಸಬೇಡಿ

ನಮ್ಮಣ್ಣನಿಗೆ ಆಗಿದ್ದು ಇನ್ನೊಬ್ಬರಿಗೆ ಆಗಬಾರದು. ಬರೆಯೋಕೆ ಅವನೇ ಹೇಳಿದ. "ನೀನು ಮಾಡಿದ ತಪ್ಪನ್ನೂ ಬರಿ, ನನ್ನದನ್ನೂ ಬರಿ" ಅಂದ.

ಅಣ್ಣನಿಗೆ 52 ವರ್ಷ, ಇರುವುದು ಅಮೆರಿಕದಲ್ಲಿ. ಹತ್ತು ವರ್ಷದಿಂದ ಸ್ಲೀಪ್ ಆಪ್ನಿಯಾ. ಇದು ಬರೀ ಗೊರಕೆ ಅಲ್ಲ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತುಬಿಡುತ್ತದೆ, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾನೆ. ರಾತ್ರಿಯೆಲ್ಲ ಇದೇ. ಗಾಳಿ ಒತ್ತಿ ಗಂಟಲು ತೆರೆದಿಡುವ ಸಿಪ್ಯಾಪ್ ಮಾಸ್ಕ್ ಕೊಟ್ಟಿದ್ದರು, ಒಗ್ಗಲಿಲ್ಲ. ಕೊನೆಗೆ ಅಲ್ಲಿಯ ಡಾಕ್ಟರು ಇಂಪ್ಲಾಂಟ್ ಹಾಕಿದರು. ಎದೆಯ ಬಲಗಡೆ ಕಾಲರ್ ಬೋನ್ ಕೆಳಗೆ, ಚರ್ಮದ ಅಡಿಯಲ್ಲಿ, ಪೇಸ್‌ಮೇಕರ್ ತರಹದ ಪುಟ್ಟ ಮೆಷಿನ್. ಅಲ್ಲಿಂದ ಒಂದು ವೈರು ಗದ್ದದ ಕೆಳಗೆ, ನಾಲಿಗೆ ಆಡಿಸುವ ನರದವರೆಗೆ. ಮಲಗುವಾಗ ರಿಮೋಟ್ ಒತ್ತಿದರೆ ಅದು ಉಸಿರಿನ ಜೊತೆಜೊತೆಗೆ ನಾಲಿಗೆಯನ್ನು ಮುಂದಕ್ಕೆ ಸರಿಸಿ ಗಂಟಲು ತೆರೆದಿಡುತ್ತದೆ. ಅಮೆರಿಕದಲ್ಲಿ ಔಷಧಿ, ಇಂಥ ಮೆಷಿನ್‌ಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2014ರಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಅದೇ ವರ್ಷ 126 ಜನರ ಮೇಲೆ ನಡೆದ ಅಧ್ಯಯನ ಬಂತು. ಗಂಟೆಗೆ ಸುಮಾರು 29 ಸಲ ಉಸಿರು ನಿಲ್ಲುತ್ತಿದ್ದುದು, ಕುಗ್ಗುತ್ತಿದ್ದುದು ಒಂದು ವರ್ಷದಲ್ಲಿ 9ಕ್ಕೆ ಇಳಿದಿತ್ತು. ಹಾಗಾಗಿ ಮೆಷಿನ್ ಮೇಲೆ ನನಗೆ ಯಾವ ದೂರೂ ಇಲ್ಲ.

ಹಾಕಿದ ತಕ್ಷಣ ಇದನ್ನು ಆನ್ ಮಾಡುವುದಿಲ್ಲ. ಗಾಯ ಮಾಯಲಿ ಅಂತ ಸುಮಾರು ಒಂದು ತಿಂಗಳು ಬಿಡುತ್ತಾರೆ. ಆ ತಿಂಗಳಲ್ಲೇ ಅಪ್ಪನ ವರ್ಷದ ತಿಥಿ ಬಂತು. ಆಪರೇಷನ್ ಆಗಿ 19ನೇ ದಿನಕ್ಕೆ ಅಣ್ಣ ಕೋಲಾರಕ್ಕೆ ಬಂದ. ಮೇಲೆ ನೋಡಿದರೆ ಗಾಯ ಚೆನ್ನಾಗಿ ಒಣಗಿತ್ತು. ಬಲಗೈಯಲ್ಲಿ ಭಾರ ಎತ್ತಬೇಡಿ, ಕೈಯನ್ನು ತಲೆ ಮೇಲಕ್ಕೆ ಎತ್ತಬೇಡಿ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿತ್ತು. ಅದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ.

ನಮ್ಮದು ಟೊಮೇಟೊ ತೋಟ. ತಿಥಿ ಮುಗಿದ ಮಾರನೇ ದಿನ ಎಪಿಎಂಸಿಗೆ ಮಾಲು ಕಳಿಸಬೇಕಿತ್ತು, ಆಳುಗಳು ಇಬ್ಬರೇ ಬಂದಿದ್ದರು. ಅಣ್ಣ ಸುಮ್ನೆ ನಿಲ್ಲುವವನಲ್ಲ. ಒಂದು ಬಾಕ್ಸ್ ಅಂದರೆ 15 ಕೆಜಿ. ಹತ್ತು ಹನ್ನೆರಡು ಬಾಕ್ಸ್ ಎತ್ತಿ ಟೆಂಪೋ ಮೇಲಿಟ್ಟ. ನಾನು ಬೇಡ ಅನ್ನಲಿಲ್ಲ. ಸಂಜೆ ಕುರುಡುಮಲೆ ಗಣಪನಿಗೆ ಹೋಗಿ ಬಂದೆವು, ಕಾರು ಓಡಿಸಿದ್ದು ಅಣ್ಣನೇ. ಇನ್ನೊಂದು ವಿಷಯ ನಮಗೆ ಯಾರಿಗೂ ಹೊಳೆಯಲಿಲ್ಲ. ಅಮೆರಿಕದಲ್ಲಿ ಡ್ರೈವರ್ ಕೂರುವುದು ಎಡಗಡೆ, ಬೆಲ್ಟ್ ಎಡ ಹೆಗಲ ಮೇಲೆ ಬರುತ್ತದೆ. ಇಲ್ಲಿ ಬಲಗಡೆ ಕೂತರೆ ಬೆಲ್ಟ್ ಬಲ ಹೆಗಲ ಮೇಲೆ, ಸರಿಯಾಗಿ ಮೆಷಿನ್ ಇರುವ ಜಾಗದಲ್ಲೇ ಉಜ್ಜುತ್ತದೆ.

ಬೆಳಿಗ್ಗೆ ಎದ್ದಾಗ ಆ ಜಾಗ ಅರ್ಧ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಜ್ವರ ಇಲ್ಲ, ಕೆಂಪು ಇಲ್ಲ, ನೋವೂ ಅಷ್ಟಿಲ್ಲ. ಒತ್ತಿದರೆ ನೀರು ತುಂಬಿದ ಬಲೂನಿನ ಹಾಗೆ ಆಡುತ್ತಿತ್ತು. ಇಲ್ಲಿ ಹಗಲಾದರೆ ಅಲ್ಲಿ ರಾತ್ರಿ, ಅಲ್ಲಿಯ ಡಾಕ್ಟರಿಗೆ ಆಮೇಲೆ ಫೋನ್ ಮಾಡಿದರಾಯಿತು ಅಂದುಕೊಂಡು ಮನೆ ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಕರೆದುಕೊಂಡು ಹೋದವನು ನಾನೇ.

ಒಳಗೆ ಮೆಷಿನ್ ಇದೆ ಅಂತ ಕ್ಲಿನಿಕ್‌ನ ಡಾಕ್ಟರಿಗೆ ಹೇಳಿದೆವು. "ಕೀವು ಕಟ್ಟಿರಬೇಕು, ತೆಗೆದುಬಿಟ್ಟರೆ ಹಗುರ ಆಗುತ್ತೆ" ಅಂದರು. ಸಿರಿಂಜ್ ಚುಚ್ಚಿ ಎಳೆದರು. ಬಂದಿದ್ದು ಕೀವಲ್ಲ. ತಿಳಿ ಜೇನಿನ ಬಣ್ಣದ ನೀರು, ವಾಸನೆಯೂ ಇಲ್ಲ. ಕೀವಲ್ಲ ಅಂತ ನನ್ನ ಕಣ್ಣಿಗೇ ಕಾಣುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಎರಡು ದಿನಕ್ಕೆ ಮತ್ತೆ ತುಂಬಿಕೊಂಡಿತು. ಮತ್ತೆ ಹೋಗಿ ಮತ್ತೆ ತೆಗೆಸಿದೆವು.

ನಾಲ್ಕನೇ ದಿನ ಚರ್ಮ ಕೆಂಪಾಯಿತು, ಕೈಯಿಟ್ಟರೆ ಸುಡುತ್ತಿತ್ತು. ಐದು ದಿನದ ಮಾತ್ರೆ ಕೊಟ್ಟರು. ಕೆಂಪು ಸ್ವಲ್ಪ ಇಳಿಯಿತು, ಮಾತ್ರೆ ನಿಲ್ಲಿಸಿದ ಮೇಲೆ ಜಾಸ್ತಿಯಾಯಿತು. ಒಂದು ದಿನ ಅಮ್ಮ ಬಟ್ಟೆ ನೆನೆಸುವಾಗ ಅಣ್ಣನ ಬನಿಯನ್ ಹಿಡಿದುಕೊಂಡು ಬಂದಳು. ಎದೆಯ ಹತ್ತಿರ ರೂಪಾಯಿ ಅಗಲದ ಹಳದಿ ಕಲೆ, ಅಂಚು ಗಟ್ಟಿಯಾಗಿತ್ತು. ಅಂಗಿ ಬಿಚ್ಚಿಸಿ ನೋಡಿದರೆ ಹೊಲಿಗೆಯ ಒಂದು ತುದಿ ಬಿಟ್ಟುಕೊಂಡಿದೆ. ಒಳಗೆ ಬೆಳ್ಳಿ ಬಣ್ಣದ್ದೇನೋ ಹೊಳೆಯಿತು. ಅದು ಮೆಷಿನ್. ಅಮ್ಮ ಅಲ್ಲೇ ಕುಸಿದು ಕೂತಳು.

ಅವತ್ತೇ ಬೆಂಗಳೂರಿಗೆ ಓಡಿದೆವು. ಅಲ್ಲಿಯ ಡಾಕ್ಟರು ಎಲ್ಲ ಕೇಳಿಸಿಕೊಂಡು ಸಮಾಧಾನವಾಗಿ ಬಿಡಿಸಿ ಹೇಳಿದರು. ಇಂಥ ಆಪರೇಷನ್ ಆದ ಜಾಗದಲ್ಲಿ ನೀರು ತುಂಬುವುದು ಉಂಟು, ಅದಕ್ಕೆ ಸೆರೋಮಾ ಅಂತಾರೆ. ಎಷ್ಟೋ ಸಲ ದೇಹವೇ ಅದನ್ನು ಹೀರಿಕೊಳ್ಳುತ್ತದೆ. ಸೂಜಿ ಹಾಕಿದರೆ ಚರ್ಮದ ಮೇಲಿನ ಕ್ರಿಮಿ ಒಳಗೆ ಹೋಗುವ ದಾರಿ ಆಗುತ್ತದೆ, ವೈರಿಗೂ ಪೆಟ್ಟಾಗಬಹುದು. ಕ್ರಿಮಿ ಒಮ್ಮೆ ಲೋಹದ ಮೇಲೆ ಕೂತರೆ ಪಾಚಿ ಕಟ್ಟಿದ ಹಾಗೆ ಒಂದು ಪದರ ಕಟ್ಟಿಕೊಳ್ಳುತ್ತದೆ. ಮೆಷಿನ್ನಿಗೆ ರಕ್ತ ಹರಿಯುವುದಿಲ್ಲವಲ್ಲ, ಮಾತ್ರೆಯ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಹೊರಗಿನ ಕೆಂಪು ಇಳಿದರೂ ಒಳಗೆ ಅದು ಹಾಗೇ ಇರುತ್ತದೆ. "ಸೂಜಿಯೊಂದರಿಂದಲೇ ಹೀಗಾಯಿತು ಅನ್ನಲ್ಲ, ಭಾರ ಎತ್ತಿದ್ದೂ ಇದೆ, ಇವರ ಶುಗರ್ ಕೂಡ ಜಾಸ್ತಿ ಇದೆ" ಅಂದರು. ಆದರೆ ಮೆಷಿನ್ ಉಳಿಸುವ ಹಾಗಿರಲಿಲ್ಲ. ವೈರು ಸಮೇತ ತೆಗೆದರು. ಆಮೇಲೆ ಎರಡು ವಾರ ಡ್ರಿಪ್‌ನಲ್ಲಿ ಆಂಟಿಬಯೋಟಿಕ್. ಒಂದು ರಾತ್ರಿಯೂ ಆನ್ ಮಾಡದ ಮೆಷಿನ್ ಅದು.

ಅಮೆರಿಕದ ಡಾಕ್ಟರಿಗೆ ನಾವು ಫೋನ್ ಮಾಡಿದ್ದು ಆಗ. ಅವರು ಕೇಳಿದ್ದು ಒಂದೇ, ಮೊದಲನೇ ದಿನವೇ ಫೋಟೋ ಯಾಕೆ ಕಳಿಸಲಿಲ್ಲ ಅಂತ. ಅಣ್ಣನ ಪರ್ಸಿನಲ್ಲಿದ್ದ ಇಂಪ್ಲಾಂಟ್ ಕಾರ್ಡಿನಲ್ಲೇ ಅವರ ನಂಬರ್ ಇತ್ತು.

ನಿಮ್ಮ ಮನೆಯಲ್ಲೂ ಹೊರದೇಶದಲ್ಲಿ ಇಂಥದ್ದು ಹಾಕಿಸಿಕೊಂಡು ಊರಿಗೆ ಬರುವವರು ಇರಬಹುದು. ಮದುವೆಯೋ ತಿಥಿಯೋ, ಗಾಯ ಪೂರ್ತಿ ಮಾಯ್ದಿದೆ ಅಂತ ಡಾಕ್ಟರು ಹೇಳುವವರೆಗೆ ಪ್ರಯಾಣ ಬೇಡ ಅನ್ನಿ. ಬರಲೇಬೇಕು ಅಂದರೆ, ಇಲ್ಲಿ ಯಾರಿಗೆ ತೋರಿಸಬೇಕು ಅಂತ ಟಿಕೆಟ್ ಮಾಡಿಸುವ ಮೊದಲೇ ಅವರಿಂದಲೇ ಕೇಳಿಕೊಳ್ಳಿ. ಊತ, ಕೆಂಪು, ಬಿಸಿ, ಜಿನುಗು, ಇದರಲ್ಲಿ ಯಾವುದು ಕಂಡರೂ ಮೆಷಿನ್ ಹಾಕಿದವರಿಗೆ ಅವತ್ತೇ ತಿಳಿಸಿ, ನಡುರಾತ್ರಿ ಆದರೂ ಪರವಾಗಿಲ್ಲ. ಅರಿಶಿನ ಹಚ್ಚಬೇಡಿ, ಹಿಚುಕಬೇಡಿ, ಯಾರು ಸೂಜಿ ಎತ್ತಿಕೊಂಡರೂ "ಬೇಡ" ಅಂತ ಗಟ್ಟಿಯಾಗಿ ಹೇಳಿ. ನಮ್ಮ ಕಡೆ ಈ ನಾಲಿಗೆ ಮೆಷಿನ್ ಇರುವವರು ಕಡಿಮೆ. ಆದರೆ ಪೇಸ್‌ಮೇಕರ್ ಇರುವವರು ಊರೂರಲ್ಲಿದ್ದಾರೆ, ಅವರಿಗೂ ಇದೇ ಮಾತು.

ಅಣ್ಣ ಈಗ ವಾಪಸ್ ಹೋಗಿದ್ದಾನೆ. ಗಾಯ ಮಾಯ್ದಿದೆ, ನಾಲಿಗೆಗೆ ಏನೂ ಆಗಿಲ್ಲ. ಮತ್ತೆ ಅದೇ ಮಾಸ್ಕ್. ಮೆಷಿನ್ ಇನ್ನೊಮ್ಮೆ ಹಾಕಬಹುದಾ ಅನ್ನುವುದನ್ನು ಕೆಲವು ತಿಂಗಳು ಬಿಟ್ಟು ನೋಡುತ್ತಾರಂತೆ.

ಬಂಗಾರಪೇಟೆಯ ನಮ್ಮತ್ತೆಗೆ ಈಚೆಗೆ ಪೇಸ್‌ಮೇಕರ್ ಹಾಕಿದರು. ಎರಡನೇ ವಾರ ಅವರಿಗೂ ಹೀಗೇ ಉಬ್ಬಿತು. ಈ ಸಲ ಸೀದಾ ಹಾಕಿದ ಡಾಕ್ಟರ ಹತ್ತಿರವೇ ಹೋದೆವು. ಅವರು ಸೂಜಿ ಮುಟ್ಟಲಿಲ್ಲ. ಊತದ ಸುತ್ತ ಪೆನ್ನಿನಲ್ಲಿ ಗೆರೆ ಎಳೆದರು. ಗೆರೆ ದಾಟಿದರೆ, ಕೆಂಪಾದರೆ, ಜ್ವರ ಬಂದರೆ ತಕ್ಷಣ ಬನ್ನಿ ಅಂದು ಕಳಿಸಿದರು. ದಿನಾ ಬೆಳಿಗ್ಗೆ ಒಂದು ಫೋಟೋ ತೆಗೆದು ಕಳಿಸುತ್ತಿದ್ದೆ. ಮೂರು ವಾರದಲ್ಲಿ ಊತ ತಾನಾಗೇ ಇಳಿಯಿತು.