ರೆಕ್ಕೆ ಎಷ್ಟು ಗ್ರಾಂ ಒತ್ತುತ್ತದೆ? ಸೂತ್ರ, ತಕ್ಕಡಿ, ರಬ್ಬರ್ ಉಂಗುರ

ನಿಜ ಕಾರಿನ ಹತ್ತನೇ ಒಂದು ಅಳತೆಯ ರಿಮೋಟ್ ಕಾರಿಗೆ ಹಿಂಬದಿ ರೆಕ್ಕೆ ಕೂರಿಸಿದವರೆಲ್ಲ ಹಿಡಿತ ಹೆಚ್ಚಿತು ಎನ್ನುತ್ತಾರೆ. ಎಷ್ಟು ಹೆಚ್ಚಿತು ಎಂದು ಕೇಳಿದರೆ ಮಾತು ಮೋಟಾರಿನ ಕಡೆ ಹೊರಳುತ್ತದೆ. ಡೌನ್‌ಫೋರ್ಸ್ ಅನ್ನು, ಅಂದರೆ ಗಾಳಿ ರೆಕ್ಕೆಯ ಮೂಲಕ ಕಾರನ್ನು ಕೆಳಕ್ಕೆ ಒತ್ತುವ ಬಲವನ್ನು, ಅಂದಾಜಿಸಲು ನಾನು ಮೂರು ದಾರಿ ಹಿಡಿದು ನೋಡಿದೆ.

ಸೂತ್ರಕ್ಕೆ ಖರ್ಚಿಲ್ಲ. ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗ, ರೆಕ್ಕೆಯ ವಿಸ್ತೀರ್ಣ ಮತ್ತು ಲಿಫ್ಟ್ ಗುಣಾಂಕದಿಂದ (ರೆಕ್ಕೆಯ ಆಕಾರ ಮತ್ತು ಕೋನ ಎಷ್ಟು ಬಲ ಕೊಡುತ್ತವೆ ಎನ್ನುವ ಅಂಕಿ) ಗುಣಿಸಿದರೆ ಮುಗಿಯಿತು. ರೆಕ್ಕೆ 18 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, ವೇಗ ಗಂಟೆಗೆ 60 ಕಿ.ಮೀ.; ಗುಣಾಂಕ 1 ಎಂದಿಟ್ಟುಕೊಂಡರೆ ಸುಮಾರು 140 ಗ್ರಾಂ ಬರುತ್ತದೆ. (ಬೆಂಗಳೂರಿನ ಎತ್ತರಕ್ಕೆ ಸಾಂದ್ರತೆಯನ್ನು ಸಮುದ್ರಮಟ್ಟದ 1.225ರ ಬದಲು ಘನ ಮೀಟರಿಗೆ 1.1 ಕೆ.ಜಿ. ಹಿಡಿದಿದ್ದೇನೆ.) ತಿರುವಿನಲ್ಲಿ ವೇಗ 30ಕ್ಕೆ ಇಳಿದರೆ ಉಳಿಯುವುದು 35 ಗ್ರಾಂ ಮಾತ್ರ. ತೊಡಕಿರುವುದು ಆ ಗುಣಾಂಕದಲ್ಲಿ. ಪುಸ್ತಕದ ಅಂಕಿಗಳು ಹೆಚ್ಚಾಗಿ ದೊಡ್ಡ ವಿಮಾನಗಳಿಗೆ ಹೊಂದುವಂಥವು. ನಮ್ಮ ರೆಕ್ಕೆಯ ರೆನಾಲ್ಡ್ಸ್ ಸಂಖ್ಯೆ (ಗಾತ್ರ, ವೇಗ ಹೆಚ್ಚಿದಂತೆ ಏರುವ ಅಂಕಿ) 50,000ದ ಆಸುಪಾಸು. ಇಷ್ಟು ಕಡಿಮೆಯಲ್ಲಿ ಗಾಳಿ ರೆಕ್ಕೆಯ ಮೇಲ್ಮೈಯಿಂದ ಬೇಗ ಬೇರ್ಪಡುತ್ತದೆ, ಬಲ ತಗ್ಗುತ್ತದೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಮತ್ತು ಪೆಡೆಸ್ಟಲ್ ಫ್ಯಾನ್ ನನಗೆ ಹೆಚ್ಚು ಕಲಿಸಿದವು: ಕಾರನ್ನು ತಕ್ಕಡಿಯ ಮೇಲಿಟ್ಟು ಎದುರಿನಿಂದ ಗಾಳಿ ಬಿಡುವುದು. ಫ್ಯಾನಿನ ಗಾಳಿ ಸುತ್ತುತ್ತ ಬರುವುದರಿಂದ ಅಂಕಿ ಒಂದೆಡೆ ನಿಲ್ಲುವುದಿಲ್ಲ; ಫ್ಯಾನಿನ ಮುಂದೆ ಸ್ಟ್ರಾಗಳ ಕಂತೆ ಕಟ್ಟಿದ ಮೇಲೆ ಅದು ಸ್ವಲ್ಪ ನಿಂತಿತು. ಹಿಂದಿನ ಚಕ್ರಗಳ ಕೆಳಗೆ ಮಾತ್ರ ತಕ್ಕಡಿ ಇಟ್ಟು ಹಿಗ್ಗಬಾರದು. ರೆಕ್ಕೆ ಎತ್ತರದಲ್ಲಿದೆ, ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಆಗ ಮುಂದಿನ ಚಕ್ರಗಳ ಭಾರವೇ ಹಿಂದಕ್ಕೆ ಜಾರಿ ಡೌನ್‌ಫೋರ್ಸ್‌ನಂತೆ ಕಾಣುತ್ತದೆ. ಮುಂದೊಂದು, ಹಿಂದೊಂದು ತಕ್ಕಡಿ ಇಟ್ಟು ಎರಡನ್ನೂ ಕೂಡಿಸಿ, ಅದೇ ಗಾಳಿಯಲ್ಲಿ ರೆಕ್ಕೆ ಬಿಚ್ಚಿದಾಗಿನ ಮೊತ್ತವನ್ನೂ ರೆಕ್ಕೆಯ ಸ್ವಂತ ತೂಕವನ್ನೂ ಕಳೆಯಬೇಕು. ಸೆಕೆಂಡಿಗೆ 5 ಮೀಟರ್ ಗಾಳಿಗೆ ಗುಣಾಂಕ 1 ಇದ್ದರೂ ಸಿಗುವುದು ಹನ್ನೆರಡು ಗ್ರಾಂ ಚಿಲ್ಲರೆ. ಒಂದು ಗ್ರಾಂ ಹೆಜ್ಜೆಯ ತಕ್ಕಡಿಗೆ ಅದು ಕಷ್ಟದ ಕೆಲಸವೇ.

ಶಾಕ್‌ನ (ಚಕ್ರದ ಕುಲುಕನ್ನು ತಡೆಯುವ ಶಾಕ್ ಅಬ್ಸಾರ್ಬರ್) ದಂಡಕ್ಕೆ ರಬ್ಬರ್ ಉಂಗುರ ಸಿಕ್ಕಿಸಿ ಟ್ರ್ಯಾಕಿನಲ್ಲಿ ಓಡಿಸುವುದು ಮೂರನೆಯದು. ಉಂಗುರ ಉಳಿಸಿಕೊಳ್ಳುವುದು ಅತಿ ಹೆಚ್ಚು ಕುಸಿತವನ್ನಷ್ಟೇ. ಅದು ರೆಕ್ಕೆಯದೋ, ಆಕ್ಸಲರೇಟರ್ ಒತ್ತಿದಾಗಿನದೋ, ಗುಂಡಿಯದೋ ಹೇಳುವವರಿಲ್ಲ. ನನ್ನ ಮಟ್ಟಿಗೆ ಇದು ಕೆಲಸಕ್ಕೆ ಬಾರದ್ದು.

ಈಗ ತಕ್ಕಡಿಯಿಂದ ಗುಣಾಂಕ ಪಡೆದು ಸೂತ್ರಕ್ಕೆ ಹಾಕುತ್ತೇನೆ. ಫ್ಯಾನಿನ ನಿಧಾನ ಗಾಳಿಯಲ್ಲಿ ಸಣ್ಣ ರೆಕ್ಕೆ ಇನ್ನಷ್ಟು ಸೋಲುವುದರಿಂದ ಆ ಉತ್ತರವನ್ನು ಕನಿಷ್ಠ ಮಿತಿಯೆಂದೇ ಓದುತ್ತೇನೆ. ಕೋನ ಆರಿಸಲು ಮಾತ್ರ ತಕ್ಕಡಿಗೆ ಸಾಟಿಯಿಲ್ಲ: ರೆಕ್ಕೆಯನ್ನು ಬಾಗಿಸುತ್ತ ಹೋದಂತೆ ಒಂದು ಹಂತದ ಬಳಿಕ ಮೊತ್ತ ಏರುವುದು ನಿಂತಿತು, ಮುಂದಿನ ಚಕ್ರಗಳ ಅಂಕಿ ಮಾತ್ರ ಇಳಿಯುತ್ತಲೇ ಹೋಯಿತು.